‘ಚಾಷ್ಟಿ ತಿಳಿಯಂಗಿಲ್ಲ’: ಹುನಗುಂದ ಭಾಗದ ಆಡುಮಾತಿನಲ್ಲಿ ಹಾಸ್ಯಪ್ರಜ್ಞೆಯ ಇರವು ಮತ್ತು ಅಭಾವ

‘ಹಾಸ್ಯಪ್ರಜ್ಞೆ’ ಎಂಬ ಸಮಾಸಪದವು ಬರಹದ ಕನ್ನಡದಲ್ಲಿ ಇಂದು ಎಷ್ಟು ಭದ್ರವಾಗಿ ನೆಲೆಗೊಂಡಿದೆಯೆಂದರೆ, ಅದು ಇಂಗ್ಲಿಷಿನ ‘ಸೆನ್ಸ್ ಆಫ್ ಹ್ಯೂಮರ್’ ಎಂಬುದರ ಪಡಿಯಚ್ಚು ಎಂಬುದು ನಮಗೆ ನೆನಪಾಗುವುದೇ ಅಪರೂಪ. ಇಂಗ್ಲಿಷಿನಲ್ಲಿಯೂ ಈ ಪದಪುಂಜ ಬಹಳ ಹಳೆಯದಲ್ಲ. ಅದು ವ್ಯಕ್ತಿಯೊಬ್ಬನ ಗುಣವಾಗಿ, ಅದಿಲ್ಲದಿದ್ದರೆ ಕೊರತೆಯಾಗಿ ರೂಢಿಗೆ ಬಂದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ ಎಂಬುದನ್ನು ಡೇನಿಯಲ್ ವಿಕ್‌ಬರ್ಗ್ 1998ರ ತಮ್ಮ ಗ್ರಂಥದಲ್ಲಿ ವಿಸ್ತಾರವಾಗಿ ತೋರಿಸಿದ್ದಾರೆ. ಕನ್ನಡಕ್ಕೆ ಬಂದಾಗ ಈ ಪದ ಒಂದು ನಿರ್ದಿಷ್ಟ ಕುಟುಂಬವನ್ನು ಸೇರಿತು: ಸಮಯಪ್ರಜ್ಞೆ, ಕರ್ತವ್ಯಪ್ರಜ್ಞೆ, ಇತಿಹಾಸಪ್ರಜ್ಞೆ, ನಾಗರಿಕಪ್ರಜ್ಞೆ. ಇವೆಲ್ಲವೂ ಇರಬೇಕಾದವು, ಇಲ್ಲದಿದ್ದರೆ ಅದು ಬರಿಯ ಕೊರತೆಯಲ್ಲ, ತಪ್ಪು. ಬರಿಯ ‘ಪ್ರಜ್ಞೆ’ ತಪ್ಪುತ್ತದೆ, ಮರಳಿ ಬರುತ್ತದೆ. ‘ಹಾಸ್ಯಪ್ರಜ್ಞೆ’ ತಪ್ಪುವುದೂ ಇಲ್ಲ, ಮರಳುವುದೂ ಇಲ್ಲ. ಅದು ಇದೆ, ಇಲ್ಲವೇ ಇಲ್ಲ.

ಈ ‘ಇದೆ–ಇಲ್ಲ’ಗಳ ವ್ಯಾಕರಣವೇ ಪ್ರಸ್ತುತ ಲೇಖನದ ವಿಷಯ. ಬಾಗಲಕೋಟೆ ಜಿಲ್ಲೆಯ ಹುನಗುಂದ, ಇಳಕಲ್ಲ ಭಾಗದ ಆಡುಮಾತು ಇದೇ ಸಂಗತಿಯನ್ನು ಹೇಳಲು ‘ಇರು’ ಎಂಬ ಕ್ರಿಯಾಪದವನ್ನು ಬಹುಮಟ್ಟಿಗೆ ಬಳಸುವುದೇ ಇಲ್ಲ. ಬರಹದ ಕನ್ನಡವು ಒಂದು ನಾಮಪದದಲ್ಲಿ ಕಟ್ಟಿಟ್ಟಿರುವುದನ್ನು ಅಲ್ಲಿನ ಮಾತು ಕನಿಷ್ಠ ಐದು ಬೇರೆ ಬೇರೆ ನಿಷೇಧವಾಕ್ಯಗಳಾಗಿ ಬಿಡಿಸುತ್ತದೆ. ಯಾವ ವಾಕ್ಯವನ್ನು ಆರಿಸಿಕೊಳ್ಳಲಾಯಿತು ಎಂಬುದರಿಂದ ತಪ್ಪು ಯಾರ ಮೇಲೆ ಬೀಳುತ್ತದೆ ಎಂಬುದು ನಿರ್ಧಾರವಾಗುತ್ತದೆ. ಇದು ಬರಿಯ ಶೈಲಿಯ ವ್ಯತ್ಯಾಸವಲ್ಲ ಎಂಬುದನ್ನು ತೋರಿಸಲು ಮುಂದೆ ನಮ್ಮದೇ ಅನುಭವವೊಂದನ್ನೂ ಸಾಮಗ್ರಿಯಾಗಿ ಬಳಸಿಕೊಂಡಿದ್ದೇವೆ. ನಾವು ಈ ಮಾತಿನಲ್ಲಿ ಹುಟ್ಟಿ ಬೆಳೆದವರು. ಅದರ ಲಾಭ, ಅಪಾಯ ಎರಡೂ ಇಲ್ಲಿನ ವಿಶ್ಲೇಷಣೆಗೆ ಅಂಟಿಕೊಂಡಿವೆ.

1. ಪದಗಳು

ಹುನಗುಂದದಲ್ಲಿ ನಗೆಮಾತಿಗೆ ನಿತ್ಯಬಳಕೆಯ ಪದ ‘ಚಾಷ್ಟಿ’. ಕೆಲವರ ಉಚ್ಚಾರದಲ್ಲಿ ‘ಚ್ಯಾಷ್ಟಿ’. ಮೂಲ ಸಂಸ್ಕೃತದ ‘ಚೇಷ್ಟಾ’. ಅಲ್ಲಿ ಅದರ ಅರ್ಥ ಚಲನೆ, ಕ್ರಿಯೆ. ಹಳೆಯ ಮೈಸೂರಿನ ಕಡೆ ‘ಚೇಷ್ಟೆ’ಯೆಂದರೆ ಮಕ್ಕಳ ತುಂಟತನ, ಹುನಗುಂದದಲ್ಲಿ ಅದು ಮೊದಲಿಗೆ ಮಾತಿನ ಕ್ರಿಯೆ, ಒಬ್ಬರು ಇನ್ನೊಬ್ಬರ ಕೂಡ ಮಾಡುವಂಥದ್ದು. ಇದರ ಜೊತೆಗೆ ‘ಮಸ್ಕಿರಿ’ ಇದೆ. ಮರಾಠಿಯ ‘ಮಸ್ಕರೀ’ ಇದರ ನೆರೆಯ ರೂಪ, ಎರಡರ ಬೇರೂ ಅರಬ್ಬಿಯಲ್ಲಿದೆ. ಊರಿನ ಉರ್ದು ಮಾತಾಡುವವರಿಂದ ಬಂದ ‘ಮಜಾಕ್’ ಕೂಡ ಇದೆ. ಈ ಕೊನೆಯ ಪದದ ಅರಬ್ಬಿ ಮೂಲಾರ್ಥ ‘ರುಚಿ’. ಅದನ್ನು ಇಲ್ಲಿ ಹೇಳುವುದು ಕುತೂಹಲಕ್ಕಾಗಿ ಮಾತ್ರವಲ್ಲ. ರುಚಿಯ ಕ್ರಿಯಾಪದವೊಂದು ಮುಂದೆ ನಮ್ಮ ಪಟ್ಟಿಯಲ್ಲಿ ಬರಲಿದೆ.

ಈ ಮೂರೂ ‘ಮಾಡು’ ಎಂಬುದರೊಡನೆ ಬರುತ್ತವೆ: ಚಾಷ್ಟಿ ಮಾಡು, ಮಸ್ಕಿರಿ ಮಾಡು, ಮಜಾಕ್ ಮಾಡು. ‘ಹಾಸ್ಯಪ್ರಜ್ಞೆ ಮಾಡು’ ಎಂದು ಯಾರೂ ಹೇಳಲಾರರು. ಒಂದು ಕಡೆ ಕ್ರಿಯೆ, ಇನ್ನೊಂದು ಕಡೆ ಸ್ವತ್ತು.

2. ಸ್ವತ್ತಿನ ವ್ಯಾಕರಣ

ಕನ್ನಡದಲ್ಲಿ ‘ಹೊಂದಿರುವಿಕೆ’ಯನ್ನು ಹೇಳಲು ಒಂದೇ ದಾರಿಯಿಲ್ಲ. ಎಸ್. ಎನ್. ಶ್ರೀಧರ್ ಅವರ 1990ರ ವ್ಯಾಕರಣದ ಓದುಗರಿಗೆ ಇದು ಪರಿಚಿತ. ಕೈಯಲ್ಲಿ ಹಿಡಿಯಬಹುದಾದ, ಕೊಟ್ಟು ತೆಗೆದುಕೊಳ್ಳಬಹುದಾದ ವಸ್ತುವಿಗೆ ‘ಹತ್ತಿರ’, ಹುನಗುಂದದಲ್ಲಿ ‘ಕಡೆ’ (ಅಂವನ ಕಡೆ ರೊಕ್ಕ ಐತಿ). ನಂಟು, ಅರಿವು, ಹಸಿವು, ನೋವುಗಳಿಗೆ ಚತುರ್ಥಿ (ಅವನಿಗೆ ಇಬ್ಬರು ಮಕ್ಕಳಿದ್ದಾರೆ, ಅವನಿಗೆ ಹಸಿವಾಗಿದೆ). ಗುಣಗಳಿಗೆ ಹೆಚ್ಚಾಗಿ ಸಪ್ತಮಿ (ಅವರಲ್ಲಿ ಔದಾರ್ಯವಿದೆ). ಹಾಸ್ಯಪ್ರಜ್ಞೆಯು ಮೊದಲನೆಯದನ್ನು ಒಲ್ಲದು, ಉಳಿದೆರಡನ್ನೂ ಒಪ್ಪುತ್ತದೆ. ಹೊಗಳುವಾಗ ಸಪ್ತಮಿ ಹೆಚ್ಚು ಸಹಜ: ‘ಅವರಲ್ಲಿ ಅಪಾರ ಹಾಸ್ಯಪ್ರಜ್ಞೆ ಇತ್ತು.’ ತೆಗಳುವಾಗ ಚತುರ್ಥಿ: ‘ನಿನಗೆ ಹಾಸ್ಯಪ್ರಜ್ಞೆಯೇ ಇಲ್ಲ.’ ಗುಣವಾಗಿ ಅದು ಒಳಗಿನದು. ಅಭಾವವಾಗಿ ಅದು ಕಣ್ಣಿಲ್ಲದಿರುವಂತೆ, ಕಿವಿಯಿಲ್ಲದಿರುವಂತೆ, ಒಂದು ಇಂದ್ರಿಯದ ಊನ.

ಕಾಲರೂಪವನ್ನೂ ಗಮನಿಸಬೇಕು. ‘ಇತ್ತು’, ‘ಇರಲಿಲ್ಲ’ ಎಂಬ ಭೂತಕಾಲದ ರೂಪಗಳು ಒಂದು ಸಂಜೆಯನ್ನಲ್ಲ, ಇಡೀ ಆಯುಷ್ಯವನ್ನು ಆವರಿಸುತ್ತವೆ. ಶ್ರದ್ಧಾಂಜಲಿ ಲೇಖನಗಳಲ್ಲಿ ಮೊದಲನೆಯದು ತಪ್ಪದೆ ಕಾಣಿಸುತ್ತದೆ. ಎರಡನೆಯದನ್ನು ಬರೆದ ಶ್ರದ್ಧಾಂಜಲಿಯನ್ನು ನಾವಿನ್ನೂ ಓದಿಲ್ಲ.

3. ಐದು ನಿಷೇಧಗಳು

ಹುನಗುಂದದ ಮಾತಿನಲ್ಲಿ ಹೀಗೆ:

(1) ಅಂವಗ ಚಾಷ್ಟಿ ತಿಳಿಯಂಗಿಲ್ಲ.
(2) ಅಂವಗ ಚಾಷ್ಟಿ ಮಾಡಾಕ ಬರಂಗಿಲ್ಲ.
(3) ಅಂವಗ ಚಾಷ್ಟಿ ಸೇರಂಗಿಲ್ಲ.
(4) ಅಂವನ ಕೂಡ ಚಾಷ್ಟಿ ನಡ್ಯಂಗಿಲ್ಲ.
(5) ಅಂವ ಚಾಷ್ಟಿ ತಡ್ಕೊಳ್ಳಂಗಿಲ್ಲ.

ಐದನ್ನೂ ಬರಹದ ಕನ್ನಡಕ್ಕೆ ತರಬೇಕಾದ ಅವಸರದ ಅನುವಾದಕ ‘ಅವನಿಗೆ ಹಾಸ್ಯಪ್ರಜ್ಞೆ ಇಲ್ಲ’ ಎಂದು ಬರೆದುಬಿಡಬಹುದು. ಆದರೆ (1) ಅರಿವಿನದು, (2) ಕೌಶಲದ್ದು, (3) ರುಚಿಯದು: ಊಟ ಸೇರದಿರುವಂತೆ ಚಾಷ್ಟಿಯೂ ಸೇರುವುದಿಲ್ಲ. (4) ಸಂಬಂಧದ್ದು, ಇಲ್ಲಿ ಕೊರತೆ ‘ಅಂವ’ನದೇ ಅಲ್ಲ, ಇಬ್ಬರ ನಡುವಿನ ಸಲಿಗೆಯದು. (5) ತಾಳ್ಮೆಯದು. ವಿಭಕ್ತಿಗಳ ಹಂಚಿಕೆ ಇದಕ್ಕೆ ಒಪ್ಪುವಂತಿದೆ. ಮೊದಲ ಮೂರರಲ್ಲಿ ‘ಅಂವ’ ಚತುರ್ಥಿಯಲ್ಲಿರುವ ಅನುಭೋಕ್ತೃ. ತಿಳಿಯದಿರುವುದಕ್ಕೂ ಸೇರದಿರುವುದಕ್ಕೂ ಅವನನ್ನು ಹೊಣೆ ಮಾಡಲಾಗದು. ನಾಲ್ಕನೆಯದರಲ್ಲಿ ಆತ ‘ಕೂಡ’ ಎಂಬ ಪರಪ್ರತ್ಯಯದ ಆಶ್ರಯದಲ್ಲಿದ್ದಾನೆ. ವಾಕ್ಯದ ಕರ್ತೃಸ್ಥಾನದಲ್ಲಿರುವುದು ಚಾಷ್ಟಿಯೇ. ಐದನೆಯದರಲ್ಲಿ ಮಾತ್ರ ಆತ ಪ್ರಥಮಾ ವಿಭಕ್ತಿಯ ಕರ್ತೃ. ದೂರು ಬಿಗಿಯಾಗುವುದೂ ಅಲ್ಲಿಯೇ.

ಇವು ಬೇರೆ ಬೇರೆ ಅರ್ಥಗಳೆಂಬುದಕ್ಕೆ ಸರಳ ಪರೀಕ್ಷೆಯೆಂದರೆ ಅವನ್ನು ಒಂದೇ ಉಸಿರಿನಲ್ಲಿ ಜೋಡಿಸುವುದು. ‘ಅಂವಗ ಚಾಷ್ಟಿ ತಿಳಿತೈತಿ, ಆದ್ರ ಸೇರಂಗಿಲ್ಲ’ ಎಂಬುದರಲ್ಲಿ ಯಾವ ವಿರೋಧವೂ ಇಲ್ಲ. ‘ಚಾಷ್ಟಿ ಮಾಡಾಕ ಬರ್ತೈತಿ, ತಡ್ಕೊಳ್ಳಾಕ ಬರಂಗಿಲ್ಲ’ ಎಂಬುದು ಊರಿನ ಪ್ರತಿ ಓಣಿಯಲ್ಲಿಯೂ ಒಬ್ಬನಾದರೂ ಇರುವ ಮನುಷ್ಯನ ವರ್ಣನೆ. ಇದೇ ಮನುಷ್ಯನಿಗೆ ಹಾಸ್ಯಪ್ರಜ್ಞೆ ಇದೆಯೋ ಇಲ್ಲವೋ ಎಂದು ಕೇಳಿದರೆ ಬರಹದ ಕನ್ನಡ ತಡವರಿಸುತ್ತದೆ.

ನಿಷೇಧದ ರೂಪದ ಬಗ್ಗೆ ಒಂದು ಮಾತು. ‘-ಅಂಗಿಲ್ಲ’ ಇಲ್ಲಿ ರೂಢಿಯ ನಿಷೇಧ: ‘ತಿಳಿಯಂಗಿಲ್ಲ’ ಎಂದರೆ ‘ತಿಳಿಯುವುದಿಲ್ಲ’. ದಕ್ಷಿಣದ ಕಿವಿಗೆ ಇದು ‘ಮಾಡೋ ಹಾಗಿಲ್ಲ’ ಎಂಬ ನಿರ್ಬಂಧದ ರೂಪವನ್ನು ನೆನಪಿಸುತ್ತದೆ. ಆದುದರಿಂದ ‘ನಡ್ಯಂಗಿಲ್ಲ’ ಎಂಬುದನ್ನು ದಕ್ಷಿಣದವರು ನಿಷೇಧಾಜ್ಞೆಯೆಂದು ಕೇಳಿಸಿಕೊಳ್ಳುವ ಸಂಭವವಿದೆ. ವಿಚಿತ್ರವೆಂದರೆ ಈ ಒಂದು ಕ್ರಿಯಾಪದದ ಮಟ್ಟಿಗೆ ಅವರ ತಪ್ಪು ಕೇಳ್ಮೆ ಪೂರ್ತಿ ತಪ್ಪಲ್ಲ.

4. ಯಾರ ಕೂಡ ನಡೆಯುತ್ತದೆ

ನಾಲ್ಕನೆಯ ವಾಕ್ಯದಲ್ಲಿ ಸ್ವಲ್ಪ ನಿಲ್ಲಬೇಕಾಗುತ್ತದೆ. ಅತ್ತಿಗಿ–ಮೈದುನರ ನಡುವೆ ಚಾಷ್ಟಿ ನಡೆಯುತ್ತದೆ. ಗಂಡನ ಅಣ್ಣನ ಕೂಡ ನಡೆಯುವುದಿಲ್ಲ. ಅತ್ತಿ–ಮಾವನ ಮಕ್ಕಳ ನಡುವೆ ನಡೆಯುತ್ತದೆ. ಮಾವ–ಸೊಸೆಯರ ನಡುವೆ ಅದರ ಮಾತೇ ಇಲ್ಲ. ಮದುವೆಯಲ್ಲಿ ಬೀಗರನ್ನು ಹಾಡಿನಲ್ಲಿ ಹಿಡಿದು ಜಗ್ಗುವುದು ಹಕ್ಕು. ಅಂದು ಸಿಟ್ಟಾದ ಬೀಗನ ಕಥೆ ವರ್ಷಗಟ್ಟಲೆ ಉಳಿಯುತ್ತದೆ. ರ್‍ಯಾಡ್‌ಕ್ಲಿಫ್-ಬ್ರೌನ್ 1940ರಲ್ಲಿ ‘ಹಾಸ್ಯ ಸಂಬಂಧ’ಗಳ ಕುರಿತು ಬರೆದಾಗ ಗುರುತಿಸಿದ್ದು ಇಂಥದ್ದನ್ನೇ: ಒಬ್ಬರು ಕೀಟಲೆ ಮಾಡಬಹುದಾದ, ಇನ್ನೊಬ್ಬರು ಬೇಸರಪಟ್ಟುಕೊಳ್ಳಬಾರದ ನಂಟು. ಈ ಭಾಗದ ಶ್ರೀಕೃಷ್ಣ ಪಾರಿಜಾತದ ಆಟದಲ್ಲಿ ಗೊಲ್ಲತಿಯು ಕೃಷ್ಣನನ್ನೇ ಮಾತಿನಲ್ಲಿ ಕೆಣಕುತ್ತಾಳೆ; ನೋಡುವವರು ಅದನ್ನು ದೈವನಿಂದೆಯೆಂದು ತಿಳಿಯದಿರುವುದು ಅಲ್ಲಿಯೂ ಸಲಿಗೆ ಮೊದಲೇ ಗೊತ್ತಾಗಿರುವುದರಿಂದ.

ಹಾಸ್ಯದ ಅರ್ಥವಿಜ್ಞಾನ ಈ ಸಂಗತಿಗೆ ಕೊಟ್ಟಿರುವ ಜಾಗ ಚಿಕ್ಕದು. ವಿಕ್ಟರ್ ರಾಸ್ಕಿನ್ 1985ರಲ್ಲಿ ನಗೆಮಾತನ್ನು ಎರಡು ‘ಸ್ಕ್ರಿಪ್ಟ್’ಗಳ ಅತಿವ್ಯಾಪ್ತಿ ಮತ್ತು ವಿರೋಧವೆಂದು ವಿವರಿಸಿದರು. ಅಟ್ಟಾರ್ಡೊ ಮತ್ತು ರಾಸ್ಕಿನ್ 1991ರಲ್ಲಿ ಆ ಸಿದ್ಧಾಂತವನ್ನು ಆರು ಜ್ಞಾನಾಂಶಗಳಾಗಿ ವಿಸ್ತರಿಸಿದರು; ‘ಗುರಿ’, ಅಂದರೆ ನಗೆಗೆ ಈಡಾಗುವವರು, ಅವುಗಳಲ್ಲೊಂದು. ಆದರೆ ಆ ಸ್ಥಾನ ಖಾಲಿಯಿರಬಹುದೆಂದೂ ಅವರು ಒಪ್ಪುತ್ತಾರೆ. ಪುಸ್ತಕದಲ್ಲಿ ಅಚ್ಚಾದ ನಗೆಹನಿಗಳಿಗೆ ಇದು ಸರಿ. ಮುಖಾಮುಖಿಯ ಚಾಷ್ಟಿಯಲ್ಲಿ ಆ ಸ್ಥಾನ ಖಾಲಿಯಿರುವುದು ಕಡಿಮೆ. ಅದನ್ನು ತುಂಬಬಹುದಾದವರು ಯಾರು ಎಂಬುದು ಮೊದಲು ತೀರ್ಮಾನವಾಗುತ್ತದೆ, ಸ್ಕ್ರಿಪ್ಟುಗಳ ವಿರೋಧ ಅನಂತರ. ಸಿದ್ಧಾಂತದ ಅನುಕ್ರಮವನ್ನು ಇಲ್ಲಿ ತಿರುವಿಹಾಕಬೇಕೆಂಬುದು ನಮ್ಮ ಅಭಿಪ್ರಾಯ.

5. ಒಬ್ಬ ಮನುಷ್ಯ, ಮೂರು ತೀರ್ಪು

ಈಗ ಅನುಭವದ ಮಾತು. ಪದವಿ ಮುಗಿಯುವವರೆಗೆ ಓಣಿಯಲ್ಲಿ ನಮ್ಮ ಮೇಲೆ ಇದ್ದ ದೂರು ಚಾಷ್ಟಿ ಹೆಚ್ಚಾಯಿತೆಂಬುದು. ಮುಂದೆ ದಕ್ಷಿಣದ ಒಂದು ವಿಶ್ವವಿದ್ಯಾಲಯದ ವಿದ್ಯಾರ್ಥಿನಿಲಯದಲ್ಲಿ ಇದ್ದಾಗ, ಊಟದ ಸಾಲಿನಲ್ಲಿ ನಾವು ಬಾಯಿ ತೆರೆದೊಡನೆ ಹಿಂದಿನಿಂದ ಯಾರಾದರೊಬ್ಬರು ‘ಹೌದ್ರೀ’, ‘ಬರ್ರೀ’, ‘ಕುಂದರ್ರೀ’ ಎಂದು ನಮ್ಮ ಸ್ವರವನ್ನೆಳೆದು ಅಣಕಿಸುತ್ತಿದ್ದರು. ಮೊದಲ ತಿಂಗಳು ನಾವೂ ನಕ್ಕೆವು. ಮೂರನೆಯ ತಿಂಗಳು ನಿಲ್ಲಿಸಿರೆಂದು ಕೇಳಿಕೊಂಡೆವು. ಉತ್ತರ ತಕ್ಷಣ ಬಂತು: ‘ನಿನಗೆ ಸೆನ್ಸ್ ಆಫ್ ಹ್ಯೂಮರ್ರೇ ಇಲ್ಲ ಕಣೋ.’

ಆ ವಾಕ್ಯದಲ್ಲಿ ಏನಿಲ್ಲ ಎಂಬುದನ್ನು ನೋಡಬೇಕು. ಅಣಕಿಸಿದವನಿಲ್ಲ. ಅಣಕವಿಲ್ಲ. ಅಣಕಕ್ಕೆ ಈಡಾದ ಮಾತಿಲ್ಲ. ಇರುವುದು ‘ನಿನಗೆ’ ಎಂಬ ಚತುರ್ಥಿಯೊಂದು, ಮತ್ತು ಅದಕ್ಕೆ ಇಲ್ಲದಿರುವ ಒಂದು ಸ್ವತ್ತು. ಇದನ್ನೇ (3)ರ ಮಾದರಿಯಲ್ಲಿ ‘ನಿನಗ ನನ್ನ ಚಾಷ್ಟಿ ಸೇರಲಿಲ್ಲ’ ಎಂದು ಹೇಳಿದ್ದರೆ, ‘ನನ್ನ’ ಎಂಬ ಷಷ್ಠಿಯಲ್ಲಿ ಮಾತಾಡಿದವನೂ ವಾಕ್ಯದೊಳಗೆ ಬರಬೇಕಾಗುತ್ತಿತ್ತು; ‘ಸೇರಲಿಲ್ಲ’ ಎಂಬ ಭೂತಕಾಲ ಇದನ್ನು ಆ ದಿನದ ಆ ಮಾತಿಗೆ ಸೀಮಿತಗೊಳಿಸುತ್ತಿತ್ತು. (4)ರ ಮಾದರಿಯಲ್ಲಾದರೆ ಸಲಿಗೆ ಇತ್ತೇ ಎಂಬ ಪ್ರಶ್ನೆಯೇ ಎದುರಿಗೆ ನಿಲ್ಲುತ್ತಿತ್ತು. ನಾಮಪದದ ನಿರ್ಮಿತಿಯು ಇವೆಲ್ಲವನ್ನೂ ಅಳಿಸಿ, ನಡೆದುಹೋದ ಒಂದು ಘಟನೆಯನ್ನು ಕೇಳುಗನ ಶಾಶ್ವತ ಊನವಾಗಿ ಪರಿವರ್ತಿಸುತ್ತದೆ. ಅದಕ್ಕೆ ಪ್ರತ್ಯುತ್ತರ ಕೊಡುವುದೂ ಕಷ್ಟ. ಸಿಟ್ಟಿನಿಂದ ಅಲ್ಲಗಳೆದರೆ ಆ ಸಿಟ್ಟೇ ಸಾಕ್ಷಿಯಾಗುತ್ತದೆ. ಉಪಭಾಷೆಯ ಕಾರಣಕ್ಕೆ, ಜಾತಿಯ ಕಾರಣಕ್ಕೆ, ಹೆಣ್ಣಾಗಿರುವ ಕಾರಣಕ್ಕೆ ಅಣಕಕ್ಕೆ ಒಳಗಾದವರು ಈ ವಾಕ್ಯವನ್ನು ಉಳಿದವರಿಗಿಂತ ಹೆಚ್ಚು ಕೇಳಿರುತ್ತಾರೆಂದು ಊಹಿಸಲು ವಿಶೇಷ ಸಂಶೋಧನೆ ಬೇಕಾಗಿಲ್ಲ.

ಮೂರನೆಯ ತೀರ್ಪು ಬಂದದ್ದು ಊರಿನಲ್ಲಿಯೇ. ಪಿಎಚ್‌.ಡಿ. ಮುಗಿಸಿ ಧ್ವನಿಮುದ್ರಣದ ಯಂತ್ರ ಹಿಡಿದು ಹೋದಾಗ, ನಾವು ಹುಟ್ಟಿದಾಗಿನಿಂದ ಬಲ್ಲ ನೇಕಾರರ ಮನೆಯ ಆಯಿಯೊಬ್ಬರು ಕೇಳಿದರು: ‘ಡಾಕ್ಟರ ಆಗಿ ಬಂದಿಯಂತಲ್ಲೋ! ಹಂಗಾರ ನನ್ನ ಮೊಣಕಾಲಿಗೆ ಏನರ ಬರ್ಕೊಡು.’ ನಾವು ಉತ್ತರಿಸಿದೆವು: ‘ಇದು ಔಷಧದ ಡಾಕ್ಟರಕಿ ಅಲ್ಲ ಆಯಿ, ಭಾಷಾಶಾಸ್ತ್ರದ್ದು.’ ಆಯಿ ಸೊಸೆಯ ಕಡೆ ತಿರುಗಿದರು: ‘ಇವಗ ಚಾಷ್ಟಿ ತಿಳಿಯಂಗಿಲ್ಲ ಬಿಡು.’ ಮಗ್ಗದ ಪಕ್ಕ ಕುಳಿತಿದ್ದ ಸೊಸೆ ತಲೆ ಎತ್ತದೆ ತಿದ್ದಿದರು: ‘ತಿಳಿತೈತಿ ಅತ್ತಿ. ಈಗ ನಡ್ಯಂಗಿಲ್ಲ. ದೊಡ್ಡಾಂವ ಆಗ್ಯಾನ.’

ರಾಸ್ಕಿನ್ ತಮ್ಮ ಸಿದ್ಧಾಂತಕ್ಕೆ ಆರಿಸಿಕೊಂಡ ಪ್ರಸಿದ್ಧ ಉದಾಹರಣೆಯೂ ವೈದ್ಯರ ಮನೆಬಾಗಿಲಿನದೇ ಎಂಬುದು ಆ ಹೊತ್ತಿಗೆ ನಮಗೆ ನೆನಪಾಗಲಿಲ್ಲ. ‘ಡಾಕ್ಟರ’ ಎಂಬ ಪದದ ಎರಡು ಸ್ಕ್ರಿಪ್ಟುಗಳು ನಮಗೆ ತಿಳಿದಿದ್ದವು. ಆ ಎರಡರ ವ್ಯತ್ಯಾಸವನ್ನೇ ಅಲ್ಲವೇ ನಾವು ಶ್ರದ್ಧೆಯಿಂದ ವಿವರಿಸಿದ್ದು. ತಪ್ಪಿದ್ದು ಬೇರೆ: ಆಯಿ ತೆರೆದ ಸಲಿಗೆಯ ಬಾಗಿಲನ್ನು ನಾವು ಮಾಹಿತಿಯ ಪ್ರಶ್ನೆಯೆಂದು ಬಗೆದೆವು, ಅಥವಾ ಹಾಗೆ ಬಗೆದವರಂತೆ ನಡೆದುಕೊಂಡೆವು. ಸೊಸೆಯ ತಿದ್ದುಪಡಿ ಆ ಎರಡನೆಯ ಸಾಧ್ಯತೆಯನ್ನೇ ಮುಟ್ಟಿತು. ಅತ್ತೆ ಹೇಳಿದ (1)ನ್ನು (4)ಕ್ಕೆ ಬದಲಾಯಿಸುವುದೆಂದರೆ ಬುದ್ಧಿಯ ಕೊರತೆಯ ಆರೋಪವನ್ನು ಹಿಂದೆಗೆದುಕೊಂಡು ಅಂತಸ್ತಿನ ಆರೋಪವನ್ನು ಹೊರಿಸುವುದು. ಎರಡರಲ್ಲಿ ಕಠಿಣವಾದುದು ಯಾವುದೆಂದು ನಾವು ಇಂದಿಗೂ ಲೆಕ್ಕ ಹಾಕುತ್ತಿದ್ದೇವೆ.

ಒಬ್ಬನೇ ಮನುಷ್ಯ ಒಂದೆಡೆ ಚಾಷ್ಟಿಗಾರ, ಇನ್ನೊಂದೆಡೆ ಹಾಸ್ಯಪ್ರಜ್ಞೆಯಿಲ್ಲದವನು, ಮತ್ತೊಂದೆಡೆ ಚಾಷ್ಟಿ ನಡೆಯದವನು. ಸ್ವತ್ತಿನ ವ್ಯಾಕರಣಕ್ಕೆ ಇದು ಒಗಟು. ಕ್ರಿಯೆಯ ವ್ಯಾಕರಣಕ್ಕೆ ಅಲ್ಲ.

6. ನಿಜವಾದ ಅಭಾವ

ಹಾಗೆಂದು ಅಭಾವವೆಂಬುದೇ ಇಲ್ಲವೆನ್ನಲಾಗದು. ಮಿದುಳಿನ ಬಲಗೋಳಾರ್ಧಕ್ಕೆ ಹಾನಿಯಾದವರ ಮೇಲೆ ಬ್ರೌನೆಲ್ ಮತ್ತು ಸಂಗಡಿಗರು 1983ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಗೆಹನಿಗೆ ಸರಿಯಾದ ಕೊನೆಯ ಸಾಲನ್ನು ಆರಿಸುವಾಗ ಆ ರೋಗಿಗಳು ಅನಿರೀಕ್ಷಿತವಾದ ಸಾಲು ಬೇಕೆಂಬುದನ್ನು ಅರಿತಿದ್ದರು. ಆ ಸಾಲು ಕಥೆಗೆ ಹೊಂದಿಕೊಳ್ಳಬೇಕೆಂಬುದರಲ್ಲಿ ಎಡವಿದರು. ಇದು (1)ರ ಶುದ್ಧ ಉದಾಹರಣೆ. ಗಮನಿಸಬೇಕಾದುದೆಂದರೆ ಇಲ್ಲಿಯೂ ಇಲ್ಲವಾದದ್ದು ‘ಪ್ರಜ್ಞೆ’ ಪೂರ್ತಿಯಲ್ಲ, ತಿಳಿಯುವುದರ ಒಂದು ಭಾಗ. ರಾಡ್ ಮಾರ್ಟಿನ್ ಮತ್ತು ಸಂಗಡಿಗರ 2003ರ ಪ್ರಶ್ನಾವಳಿಯೂ ಹಾಸ್ಯಪ್ರಜ್ಞೆಯನ್ನು ಒಂದೆಂದು ಎಣಿಸದೆ ನಾಲ್ಕು ಶೈಲಿಗಳಾಗಿ ಒಡೆಯುತ್ತದೆ. ಆದರೆ ಅದರ 32 ಹೇಳಿಕೆಗಳಿಗೆ ಉತ್ತರಿಸುವವನು ತನ್ನ ಬಗ್ಗೆ ತಾನೇ ಹೇಳಿಕೊಳ್ಳಬೇಕು. (4)ನ್ನು ಒಬ್ಬನೇ ಉತ್ತರಿಸಲಾರ. ಇಂಥ ಪ್ರಶ್ನಾವಳಿಯನ್ನು ಕನ್ನಡಕ್ಕೆ ತರುವ ಸಂಶೋಧನಾರ್ಥಿಗಳು ಪ್ರತಿ ಹೇಳಿಕೆಗೂ ‘ಇದೆ’, ‘ತಿಳಿಯುತ್ತದೆ’, ‘ಸೇರುತ್ತದೆ’ ಎಂಬವುಗಳಲ್ಲಿ ಯಾವ ಕ್ರಿಯಾಪದವನ್ನು ಆರಿಸುತ್ತಾರೆಂಬುದರ ಮೇಲೆ ಬರುವ ಅಂಕಗಳೂ ಬದಲಾಗಬಹುದು. ಆ ಆಯ್ಕೆಯನ್ನು ಪ್ರಬಂಧದಲ್ಲಿ ದಾಖಲಿಸುವ ರೂಢಿಯನ್ನಾದರೂ ಬೆಳೆಸಿಕೊಳ್ಳಬೇಕು.

7. ‘ನನಗ’ ಎಂಬ ಪದ

ಕೊನೆಯದಾಗಿ ಒಂದು ಚತುರ್ಥಿ ರೂಪ. ಹುನಗುಂದದಲ್ಲಿ ‘ನನಗ ನಗಿ ಬಂತು’ ಎಂದರೆ ನಕ್ಕವನು ನಾನು. ‘ನನಗ ನಕ್ರು’ ಎಂದರೆ ನಗೆಗೀಡಾದವನು ನಾನು. ನಾಮಪದದೊಡನೆ ಬಂದಾಗ ಅನುಭೋಕ್ತೃ, ಕ್ರಿಯಾಪದದೊಡನೆ ಬಂದಾಗ ಗುರಿ. ‘ಮಂದಿ ನಮಗ ನಗತಾರ’ ಎಂಬುದು ಮಕ್ಕಳನ್ನು ತಿದ್ದಲು ಬಳಸುವ ಮೊದಲ ವಾಕ್ಯಗಳಲ್ಲೊಂದು. ನಗೆಯ ರುಚಿ ಕಲಿಯುವ ವಯಸ್ಸಿನಲ್ಲಿಯೇ ಅದರ ಭಯವನ್ನೂ ಅದೇ ವಿಭಕ್ತಿಯಲ್ಲಿ ಕಲಿಯುತ್ತಾರೆ. ನಾಟ್ಯಶಾಸ್ತ್ರವು ಹಾಸ್ಯವನ್ನು ಆತ್ಮಸ್ಥ, ಪರಸ್ಥ ಎಂದು ವಿಭಾಗಿಸುತ್ತದೆ: ತಾನು ನಗುವುದು, ಪರರನ್ನು ನಗಿಸುವುದು. ಸ್ಮಿತದಿಂದ ಅತಿಹಸಿತದವರೆಗೆ ಆರು ಬಗೆಯ ನಗೆಯನ್ನೂ ಹೇಳಿ, ಅವನ್ನು ಉತ್ತಮ, ಮಧ್ಯಮ, ಅಧಮ ಪಾತ್ರಗಳಿಗೆ ಹಂಚುತ್ತದೆ. ಯಾರಿಗೆ ಎಷ್ಟು ನಗೆ ಎಂಬ ಲೆಕ್ಕ ಅಲ್ಲಿಯೂ ತಪ್ಪಿಲ್ಲ. ಆದರೆ ನಗೆಗೀಡಾದವನಿಗೆ ಆ ವಿಭಾಗದಲ್ಲಿ ಹೆಸರಿಲ್ಲ. ಹುನಗುಂದದ ‘ನನಗ’ ಅವನನ್ನು ನಗುವವನ ಪಕ್ಕದಲ್ಲಿಯೇ ಕೂರಿಸಿದೆ.

ಮನುಷ್ಯನ ಸ್ವಭಾವವನ್ನು ಎದುರಿನವರ ಮೂಲಕ, ಚತುರ್ಥಿಯಲ್ಲಿ ಹೇಳುವ ಪದ್ಧತಿ ಈ ಪ್ರದೇಶಕ್ಕೆ ಹೊಸದಲ್ಲ. ಹುನಗುಂದದಿಂದ ಪಶ್ಚಿಮಕ್ಕಿರುವ ಬಾದಾಮಿಯ ತಟ್ಟುಕೋಟಿಯ ಬಂಡೆಯ ಮೇಲೆ ಸುಮಾರು ಕ್ರಿ.ಶ. 700ರ ಕಪ್ಪೆ ಅರಭಟ್ಟನ ಶಾಸನವಿದೆ. ಕನ್ನಡದ ಅತಿ ಹಳೆಯ ತ್ರಿಪದಿಗಳೆಂದು ವಿದ್ಯಾರ್ಥಿಗಳು ಅದನ್ನು ಓದುತ್ತಾರೆ. ಆ ಪ್ರಸಿದ್ಧ ಪದ್ಯವು ಅವನ ಗುಣಗಳನ್ನು ಅವನಲ್ಲಿರುವ ಸ್ವತ್ತುಗಳಾಗಿ ಎಣಿಸುವುದಿಲ್ಲ. ಒಳ್ಳೆಯವನಿಗೆ ಆತ ಎಂಥವನು, ಕಾಡುವವನಿಗೆ ಎಂಥವನು ಎಂದು ‘-ಗೆ’ ಪ್ರತ್ಯಯದ ಮೇಲೆ ನಿಂತು ಹೇಳುತ್ತದೆ. ಹಾಸ್ಯದ ಚರ್ಚೆಗೆ ಶಾಸನವನ್ನು ಎಳೆದು ತಂದದ್ದು ಅತಿಯಾಯಿತೆಂದು ವಿಮರ್ಶಕರು ಹೇಳಬಹುದು. ವಾಕ್ಯರಚನೆಯ ಹೋಲಿಕೆಗಿಂತ ಹೆಚ್ಚಿನದನ್ನು ನಾವು ಇಲ್ಲಿ ಸಾಧಿಸಹೊರಟಿಲ್ಲ.

ಮುಂದಿನ ಸಲ ಊರಿಗೆ ಹೋದಾಗ ಆಯಿ ಮತ್ತೆ ಮೊಣಕಾಲಿನ ಮಾತು ತೆಗೆದರು. ಬರೆದುಕೊಡುತ್ತೇವೆ, ಆದರೆ ನಮ್ಮ ಔಷಧ ನಾಲಿಗೆಗೆ ಮಾತ್ರ ಹತ್ತುತ್ತದೆ, ಮೊಣಕಾಲಿನವರೆಗೆ ಇಳಿಯಂಗಿಲ್ಲ ಎಂದೆವು. ಆಯಿ ನಗಲಿಲ್ಲ. ‘ಈಗ ಬಂತ್ ನೋಡು’ ಎಂದು ಸೊಸೆಗೆ ಹೇಳಿದರು. ಧ್ವನಿಮುದ್ರಣದಲ್ಲಿ ಆ ವಾಕ್ಯ ಸ್ಪಷ್ಟವಾಗಿದೆ. ಕ್ರಿಯಾಪದ ನಪುಂಸಕಲಿಂಗ, ಏಕವಚನ. ಬಂದದ್ದು ಏನೆಂಬ ಕರ್ತೃಪದ ಮಾತ್ರ ಅದರಲ್ಲಿಲ್ಲ.